ಧಾರವಾಡದಿಂದ ಮುಂಬಯಿಗೆ, ಮುಂಬಯಿಯಿಂದ ವಿಜಾಪುರಕ್ಕೆ: ಹಳಕಟ್ಟಿಯವರ ಕಾಲೇಜು ವಿದ್ಯಾಭ್ಯಾಸವೂ ಅದರ ಫಲವೂ

ಮಕ್ಕಳನ್ನು ಯಾವ ಕಾಲೇಜಿಗೆ ಸೇರಿಸಬೇಕೆಂಬುದು ಪ್ರತಿವರ್ಷವೂ ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ಮನೆಮನೆಗಳಲ್ಲಿ ಚರ್ಚೆಗೆ ಬರುವ ವಿಷಯವಾಗಿದೆ. ಕಾಲೇಜಿನ ಹೆಸರು, ಅಲ್ಲಿಯ ಶುಲ್ಕ, ಊರಿನಿಂದ ಇರುವ ದೂರ, ಅಲ್ಲಿ ಕಲಿತವರಿಗೆ ದೊರೆಯುವ ಉದ್ಯೋಗ, ಇವೆಲ್ಲವೂ ವಿಚಾರಕ್ಕೆ ಬರುತ್ತವೆ; ಬರುವುದು ಸಹಜವೂ ಹೌದು. ಆದರೆ ಅಲ್ಲಿ ಕಲಿತು ಹೊರಬಂದವನಿಂದ ಅವನ ನಾಡಿಗೆ, ನುಡಿಗೆ, ಸಮಾಜಕ್ಕೆ ಏನು ಒದಗಿತೆಂಬ ಪ್ರಶ್ನೆ ಆ ಚರ್ಚೆಯಲ್ಲಿ ಬಹುಮಟ್ಟಿಗೆ ಏಳುವುದೇ ಇಲ್ಲ. ಅರಿವು ಆಚರಣೆಗೆ ಇಳಿದಾಗಲೇ ಅದಕ್ಕೆ ಬೆಲೆಯೆಂದು ಸಾರಿದ ಶರಣರ ಪರಂಪರೆಯವರಿಗೆ ಇದು ಮರೆಯತಕ್ಕ ಪ್ರಶ್ನೆಯಲ್ಲ. ಆದುದರಿಂದ, ಆರಿಸಿಕೊಳ್ಳುವುದಕ್ಕೆ ಸಮೀಪದಲ್ಲಿ ಒಂದು ಕಾಲೇಜೂ ಇಲ್ಲದಿದ್ದ ಕಾಲದಲ್ಲಿ ದೂರದ ಕಾಲೇಜಿಗೆ ಹೋಗಿ, ಅಲ್ಲಿಂದ ತಂದುದನ್ನೆಲ್ಲ ಕನ್ನಡಕ್ಕೆ ಧಾರೆಯೆರೆದ ವಚನಪಿತಾಮಹ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ವಿದ್ಯಾರ್ಥಿದೆಸೆಯನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವಾಗಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ಇಲಾಖೆಗೆ ಸೇರಿದ್ದವು. 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯವೇ ಈ ಭಾಗದವರಿಗೂ ವಿಶ್ವವಿದ್ಯಾಲಯವಾಗಿತ್ತು. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ರಚಿತವಾಗಿದ್ದ ಆ ಸಂಸ್ಥೆಯು ಪರೀಕ್ಷೆ ನಡೆಸಿ ಪದವಿ ಕೊಡುತ್ತಿತ್ತು. ಪಾಠ ಹೇಳುವ ಕೆಲಸ ಅದಕ್ಕೆ ಸೇರಿದ ಬೇರೆ ಬೇರೆ ಕಾಲೇಜುಗಳದಾಗಿತ್ತು. ಈ ಕಾಲೇಜುಗಳಲ್ಲಿ ಹೆಸರಾದವು ಇದ್ದುದು ಮುಂಬಯಿ, ಪುಣೆಗಳಲ್ಲಿ. ಮುಂಬಯಿಯಲ್ಲಿ ಎಲ್‌ಫಿನ್‌ಸ್ಟನ್, ವಿಲ್ಸನ್, ಸೇಂಟ್ ಝೇವಿಯರ್ ಕಾಲೇಜುಗಳು. ಪುಣೆಯಲ್ಲಿ ಡೆಕ್ಕನ್ ಕಾಲೇಜು ಮತ್ತು 1885ರಲ್ಲಿ ಆರಂಭವಾದ ಫರ್ಗ್ಯುಸನ್ ಕಾಲೇಜು. ಈ ಜಿಲ್ಲೆಗಳ ಕನ್ನಡ ನೆಲದಲ್ಲಿ ಒಂದು ಕಾಲೇಜಾದರೂ ಇರಲಿಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದುದು 1917ರಲ್ಲಿ. ಅದುವರೆಗೆ ಮ್ಯಾಟ್ರಿಕ್ಯುಲೇಶನ್ ಮುಗಿಸಿದ ಹುಡುಗನು ಮುಂದೆ ಕಲಿಯಬೇಕೆಂದರೆ ಘಟ್ಟ ದಾಟಿ ಪರಭಾಷೆಯ ನಗರಕ್ಕೆ ಹೋಗದೆ ಗತ್ಯಂತರವಿರಲಿಲ್ಲ.

ಹೋಗುವುದೂ ಸುಲಭವಾಗಿರಲಿಲ್ಲ. ರೈಲುಮಾರ್ಗವು ಧಾರವಾಡವನ್ನು ಪುಣೆ, ಮುಂಬಯಿಗಳೊಡನೆ ಜೋಡಿಸಿದ್ದರೂ ಹಣದ ಅಡಚಣೆ ಹಾಗೆಯೇ ಉಳಿದಿತ್ತು. ಶುಲ್ಕಕ್ಕಿಂತಲೂ ಊಟ ವಸತಿಗಳ ವೆಚ್ಚವೇ ಒಕ್ಕಲುತನದ ಮನೆಗಳಿಗೆ ಭಾರವಾಗುತ್ತಿತ್ತು. ಜಾತಿ ಆಚಾರಗಳ ಬಿಗಿ ಇನ್ನೂ ಸಡಿಲಗೊಂಡಿರದ ಆ ದಿನಗಳಲ್ಲಿ ಇಷ್ಟಲಿಂಗಧಾರಿಯಾದ ಹುಡುಗನಿಗೆ ಪರಸ್ಥಳದಲ್ಲಿ ತಕ್ಕ ಊಟದ ಮನೆ ಸಿಗುವುದೇ ಒಂದು ಸಮಸ್ಯೆಯಾಗಿತ್ತು. ಈ ಕೊರತೆಯನ್ನು ಕಂಡ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದ ಹಿರಿಯರ ಪ್ರಯತ್ನದಿಂದ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿಕೊಂಡಿತು. ಬಡ ವಿದ್ಯಾರ್ಥಿಗಳಿಗೆ ಧನಸಹಾಯ ಒದಗಿಸುವುದು ಅದರ ಉದ್ದೇಶವಾಗಿತ್ತು. ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ವಿದ್ಯಾಭ್ಯಾಸಕ್ಕಾಗಿ ಮೀಸಲಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಒಬ್ಬ ಹುಡುಗ ಪದವೀಧರನಾಗಬೇಕಾದರೆ ಇಷ್ಟು ಜನರ ಕೈ ಸೇರಬೇಕಾಗಿದ್ದ ಕಾಲವದು.

ಇಂಥ ಕಾಲದಲ್ಲಿ, 1880ರ ಜುಲೈ 2ರಂದು, ಹಳಕಟ್ಟಿಯವರು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರವಣಿಗೆಯಲ್ಲಿ ಆಸಕ್ತರು. ತಾಯಿ ದಾನಮ್ಮನವರು ಮಗನ ಎಳವೆಯಲ್ಲಿಯೇ ತೀರಿಕೊಂಡುದರಿಂದ ಅಜ್ಜಿ ಬಸಮ್ಮನವರ ಆರೈಕೆಯಲ್ಲಿ ಮಗು ಬೆಳೆಯಿತು. ಧಾರವಾಡವು ಆಗ ಕನ್ನಡದ ಎಚ್ಚರ ಕಣ್ತೆರೆಯುತ್ತಿದ್ದ ಊರು. 1890ರಲ್ಲಿ ಅಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪಿತವಾಯಿತು. ಸಂಘದ ಪತ್ರಿಕೆಯಾದ 'ವಾಗ್ಭೂಷಣ'ವು 1896ರಲ್ಲಿ ಹೊರಡತೊಡಗಿತು. ಹಳಕಟ್ಟಿಯವರು ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾದುದೂ ಅದೇ ವರ್ಷವೇ. ಶಿಕ್ಷಕನ ಮನೆಯ ಓದು, ಊರಿನಲ್ಲಿ ಮೊಳೆಯುತ್ತಿದ್ದ ಭಾಷಾಭಿಮಾನ, ಇವೆರಡೂ ಅವರೊಡನೆ ಮುಂಬಯಿಗೆ ಹೋದವು. ಕಾಲೇಜು ಬರಿಯ ಕೈಯಲ್ಲಿ ಬಂದವನಿಗೆ ಕೊಡುವುದಕ್ಕಿಂತ ಏನನ್ನಾದರೂ ಹೊತ್ತು ತಂದವನಿಗೆ ಹೆಚ್ಚು ಕೊಡುತ್ತದೆಂಬುದನ್ನು ಅವರ ಮುಂದಿನ ಜೀವನ ತೋರಿಸಿಕೊಟ್ಟಿತು.

ಅವರು ಸೇರಿದುದು ಸೇಂಟ್ ಝೇವಿಯರ್ ಕಾಲೇಜನ್ನು. 1869ರಲ್ಲಿ ಜೆಸ್ವಿಟ್ ಪಾದ್ರಿಗಳು ಸ್ಥಾಪಿಸಿದ ವಿದ್ಯಾಲಯವದು. ವೀರಶೈವ ಮನೆತನದ ಹುಡುಗನೊಬ್ಬನು ಕ್ರೈಸ್ತ ಸಂನ್ಯಾಸಿಗಳ ಕಾಲೇಜಿನಲ್ಲಿ ಕಲಿತು, ಮುಂದೆ ಶರಣಧರ್ಮದ ಮೂಲಗ್ರಂಥಗಳ ಉದ್ಧಾರಕನಾದನೆಂಬ ಸಂಗತಿಯು ಗಮನಾರ್ಹವಾಗಿದೆ. ಸ್ವಮತದವರ ವಿದ್ಯಾಲಯದಲ್ಲಿ ಕಲಿತವನೇ ಸ್ವಮತಕ್ಕೆ ಉಪಯುಕ್ತನಾಗುವನೆಂದು ಹೇಳಲು ಬರುವಂತಿಲ್ಲ. ಪರಧರ್ಮದವರು ತಮ್ಮ ನಂಬಿಕೆಗಾಗಿ ಮನೆಮಾರು ತೊರೆದು, ಸಮುದ್ರ ದಾಟಿ ಬಂದು, ಅಪರಿಚಿತರ ಮಕ್ಕಳಿಗೆ ಪಾಠ ಹೇಳುವುದನ್ನು ದಿನವೂ ಕಾಣುವ ವಿದ್ಯಾರ್ಥಿಗೆ, ತನ್ನ ಧರ್ಮದ ಸಂಪತ್ತಿನ ಗತಿ ಏನಾಗಿದೆಯೆಂಬ ಯೋಚನೆ ಮೂಡಲು ಅವಕಾಶವುಂಟು.

ಅವರು ಮ್ಯಾಟ್ರಿಕ್ಯುಲೇಶನ್ ಮುಗಿಸಿದ ವರ್ಷವೇ ಮುಂಬಯಿಗೆ ಪ್ಲೇಗು ಕಾಲಿಟ್ಟಿತು. 1896ರ ಸೆಪ್ಟೆಂಬರದಲ್ಲಿ ಕಾಣಿಸಿಕೊಂಡ ಆ ಮಾರಿಯಿಂದಾಗಿ ಲಕ್ಷಾಂತರ ಜನರು ನಗರ ಬಿಟ್ಟು ಓಡಿದರು. 1897ರಲ್ಲಿ ಬಾಳ ಗಂಗಾಧರ ಟಿಳಕರ ಮೇಲಿನ ರಾಜದ್ರೋಹದ ವಿಚಾರಣೆ ಮುಂಬಯಿಯ ಹೈಕೋರ್ಟಿನಲ್ಲಿ ನಡೆಯಿತು. 1899-1900ರಲ್ಲಿ ಭೀಕರ ಕ್ಷಾಮ ತಲೆದೋರಿತು. ಹಳಕಟ್ಟಿಯವರ ಕಾಲೇಜು ಜೀವನದ ವರ್ಷಗಳೆಂದರೆ ಇವೇ. ಪ್ರೀವಿಯಸ್, ಇಂಟರ್‌ಮೀಡಿಯೆಟ್ ಪರೀಕ್ಷೆಗಳ ಮೆಟ್ಟಿಲುಗಳನ್ನು ಏರಿ 1901ರಲ್ಲಿ ಅವರು ಬಿ.ಎ. ಪದವಿ ಪಡೆದರು. ಮುಂದೆ ಕಾಯಿದೆಯ ಅಭ್ಯಾಸ ಮಾಡಿ 1904ರಲ್ಲಿ ಎಲ್‌ಎಲ್.ಬಿ. ಪದವೀಧರರಾದರು.

ಇಷ್ಟು ವರ್ಷಗಳಲ್ಲಿ ಕಾಲೇಜು ಅವರಿಗೆ ಕನ್ನಡವನ್ನು ಕಲಿಸಲಿಲ್ಲ, ಕಲಿಸುವಂತೆಯೂ ಇರಲಿಲ್ಲ. ಮುಂಬಯಿ ವಿಶ್ವವಿದ್ಯಾಲಯದ ಪದವಿ ತರಗತಿಗಳಲ್ಲಿ ಆಗ ದೇಶಭಾಷೆಗಳಿಗೆ ಸ್ಥಾನವಿರಲಿಲ್ಲ. ಅವುಗಳಿಗೆ ಮತ್ತೆ ಪ್ರವೇಶ ದೊರಕಿಸಬೇಕೆಂದು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ತಮ್ಮ ಕೊನೆಯ ದಿನಗಳವರೆಗೂ ಶ್ರಮಿಸಬೇಕಾಯಿತು. ಹಾಗಿದ್ದರೂ ಹಳಕಟ್ಟಿಯವರಲ್ಲಿ ಕನ್ನಡದ ಹಂಬಲ ಬಲಿತುದು ಆ ಮುಂಬಯಿಯಲ್ಲಿಯೇ. ಅಲ್ಲಿಯ ಮರಾಠಿಗರೂ ಗುಜರಾತಿಗಳೂ ತಮ್ಮ ತಮ್ಮ ಭಾಷೆಗಳಲ್ಲಿ ಇಟ್ಟಿದ್ದ ಅಭಿಮಾನವನ್ನು ಕಂಡು, ಕನ್ನಡಿಗರ ಔದಾಸೀನ್ಯವನ್ನು ನೆನೆದು ಅವರು ನೊಂದರು. ಕನ್ನಡಕ್ಕಾಗಿ ದುಡಿಯುವ ಸಂಕಲ್ಪ ಅವರಲ್ಲಿ ಆಗಲೇ ಬೇರೂರಿತು.

ಆ ಅಭಿಮಾನವು ಬಾಯಿಮಾತಿನದಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಜಾವಜಿ ದಾದಾಜಿಯವರು 1869ರಲ್ಲಿ ಸ್ಥಾಪಿಸಿದ ನಿರ್ಣಯಸಾಗರ ಮುದ್ರಣಾಲಯವು ಸಂಸ್ಕೃತ, ಮರಾಠಿ ಗ್ರಂಥಗಳನ್ನು ಶುದ್ಧವಾಗಿ, ಅಂದವಾಗಿ ಅಚ್ಚು ಮಾಡಿ ದೇಶದ ಎಲ್ಲೆಡೆಗೂ ಕಳಿಸುತ್ತಿತ್ತು. ಸಂತ ತುಕಾರಾಮರ ಅಭಂಗಗಳ ಸಂಪಾದಿತ ಸಂಗ್ರಹವು ಹಳಕಟ್ಟಿಯವರು ಹುಟ್ಟುವ ಮೊದಲೇ ಮುಂಬಯಿಯ ಇಂದುಪ್ರಕಾಶ ಮುದ್ರಣಾಲಯದಲ್ಲಿ ಅಚ್ಚಾಗಿತ್ತು. ಗುಜರಾತಿಯ ಹಳೆಯ ಗ್ರಂಥಗಳ ರಕ್ಷಣೆಗೆ ಫಾರ್ಬಸ್ ಸಭೆಯಿತ್ತು. ಸಂತರ ವಾಣಿಯು ಪಂಢರಪುರದ ವಾರಕರಿಗಳ ಬಾಯಲ್ಲಿ ಉಳಿದಂತೆಯೇ ಗ್ರಂಥಾಲಯದ ಕಪಾಟಿನಲ್ಲಿಯೂ ಸ್ಥಾನ ಪಡೆದಿತ್ತು. ಕನ್ನಡದಲ್ಲಿಯಾದರೋ, ಅಲ್ಲೊಂದು ಇಲ್ಲೊಂದು ವಚನಗ್ರಂಥ ಅಚ್ಚಾಗಿದ್ದರೂ, ಶರಣರ ವಾಣಿಯ ಬಹುಭಾಗವು ಮಠಗಳ ಗಂಟುಗಳಲ್ಲಿ, ಭಕ್ತರ ಮನೆಗಳ ದೇವರ ಜಗಲಿಯ ಮೇಲೆ ತಾಡವೋಲೆಯ ಕಟ್ಟುಗಳಾಗಿ ಉಳಿದಿತ್ತು. ಜನರು ಅವಕ್ಕೆ ವಿಭೂತಿ ಪತ್ರಿಗಳನ್ನೇರಿಸಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ವಿರಳರಾಗಿದ್ದರು. ಮುಂಬಯಿಯನ್ನು ಕಣ್ತೆರೆದು ನೋಡಿದ ಕನ್ನಡ ವಿದ್ಯಾರ್ಥಿಗೆ ಈ ವ್ಯತ್ಯಾಸ ಹೊಳೆಯದಿರಲು ಸಾಧ್ಯವಿರಲಿಲ್ಲ.

ಇನ್ನೊಂದು ಲಾಭ ಸಹವಾಸದ್ದು. ಮುಂದೆ ಕರ್ನಾಟಕ ಕುಲಪುರೋಹಿತರೆಂದು ಪ್ರಸಿದ್ಧರಾದ ಆಲೂರು ವೆಂಕಟರಾಯರು ಹಳಕಟ್ಟಿಯವರು ಹುಟ್ಟಿದ ವರ್ಷವೇ, ಅದೇ ತಿಂಗಳಲ್ಲಿಯೇ ವಿಜಾಪುರದಲ್ಲಿ ಹುಟ್ಟಿದವರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಕಾಯಿದೆಯ ಅಭ್ಯಾಸಕ್ಕಾಗಿ ಮುಂಬಯಿಗೆ ಬಂದ ಅವರ ಒಡನಾಟ ಹಳಕಟ್ಟಿಯವರಿಗೆ ಒದಗಿತು. ಧಾರವಾಡದಲ್ಲಿ ಹುಟ್ಟಿದವರು ವಿಜಾಪುರದಲ್ಲಿ, ವಿಜಾಪುರದಲ್ಲಿ ಹುಟ್ಟಿದವರು ಧಾರವಾಡದಲ್ಲಿ ನೆಲೆನಿಂತು ಕನ್ನಡದ ಎರಡು ದೊಡ್ಡ ಕಾರ್ಯಗಳನ್ನು ನಡೆಸಿದರು. ಆಲೂರರು 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಪ್ರಕಟಿಸಿ ಜನರಿಗೆ ತಮ್ಮ ನಾಡಿನ ಚರಿತ್ರೆಯನ್ನು ತೋರಿಸಿದರು. ಹಳಕಟ್ಟಿಯವರು ಆ ನಾಡಿನ ಅನುಭಾವದ ಭಂಡಾರವನ್ನು ತೆರೆದರು. ಇಬ್ಬರೂ ವಕೀಲಿಯ ಪದವಿ ಪಡೆದವರು. ಇಬ್ಬರೂ ಅದನ್ನು ಹಣ ಗಳಿಸುವ ಸಾಧನವಾಗಿ ಉಳಿಸಿಕೊಳ್ಳಲಿಲ್ಲ. ಶರಣರು ಸಜ್ಜನರ ಸಂಗಕ್ಕೆ ಅಷ್ಟು ಮಹತ್ತ್ವ ಕೊಟ್ಟುದರ ಅರ್ಥ ವಿದ್ಯಾರ್ಥಿಜೀವನದಲ್ಲಿ ಹೀಗೆ ಸ್ಪಷ್ಟವಾಗುತ್ತದೆ.

ಪದವಿ ಪಡೆದ ಹಳಕಟ್ಟಿಯವರು ಮುಂಬಯಿಯಲ್ಲಿ ನಿಲ್ಲಲಿಲ್ಲ. ಮೊದಲು ಬೆಳಗಾವಿಯಲ್ಲಿ, ಅನಂತರ ವಿಜಾಪುರದಲ್ಲಿ ವಕೀಲಿಯನ್ನು ಆರಂಭಿಸಿದರು. ಇಂದು ವಿಜಯಪುರವೆಂದು ಕರೆಯಲ್ಪಡುವ ಆ ಊರು ಆದಿಲಶಾಹಿಯ ಗುಮ್ಮಟಗಳ ನೆನಪನ್ನು ಹೊತ್ತಿದ್ದರೂ ಬರಗಾಲಕ್ಕೆ ಪದೇ ಪದೇ ತುತ್ತಾಗುತ್ತಿದ್ದ, ವಿದ್ಯೆಯಲ್ಲಿ ಹಿಂದುಳಿದಿದ್ದ ಜಿಲ್ಲೆಯ ಕೇಂದ್ರವಾಗಿತ್ತು. ಸರಕಾರಿ ವಕೀಲರಾಗಿಯೂ ಕೆಲಸ ಮಾಡಿದ ಅವರಿಗೆ ಕೀರ್ತಿಯೂ ಆದಾಯವೂ ದೊರೆಯುವ ಹಾದಿ ತೆರೆದಿತ್ತು. ಅವರು ಹಿಡಿದ ಹಾದಿ ಬೇರೆಯಾಯಿತು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೆ ಮುಂದಾದರು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಆರಂಭಕ್ಕೆ ಕಾರಣರಾದರು. ಮೊದಲನೆಯದು ಊರಿನ ಮಕ್ಕಳ ವಿದ್ಯೆಗಾಗಿ, ಎರಡನೆಯದು ಊರಿನ ವ್ಯಾಪಾರಿ ಒಕ್ಕಲಿಗರ ಬಾಳಿಗಾಗಿ. ತಾವು ವಿದ್ಯೆಗಾಗಿ ಊರು ಬಿಡಬೇಕಾದ ಕಷ್ಟವನ್ನು ಉಂಡವರು ಮುಂದಿನವರಿಗೆ ಅದು ಬಾರದಿರಲೆಂದು ಮಾಡಿದ ಏರ್ಪಾಡು ಇದು.

ಇವೆಲ್ಲವುಗಳ ನಡುವೆ ವಚನಗಳ ಹಸ್ತಪ್ರತಿಗಳ ಶೋಧ ನಡೆದಿತ್ತು. ರಬಕವಿ ಬನಹಟ್ಟಿಗಳಂಥ ಊರುಗಳ ಭಕ್ತರ ಮನೆಗಳಲ್ಲಿ, ಮಠಮಾನ್ಯಗಳಲ್ಲಿ ದೊರೆತ ತಾಡವೋಲೆಗಳನ್ನೂ ಕೋರಿಕಾಗದದ ಪ್ರತಿಗಳನ್ನೂ ಅವರು ಕೂಡಿಸತೊಡಗಿದರು. ಹಳೆಯ ಬರಹವನ್ನು ಬಿಡಿಸಿ ಓದುವುದು, ಹುಳು ತಿಂದ ಎಡೆಯನ್ನು ಮತ್ತೊಂದು ಪ್ರತಿಯಿಂದ ತುಂಬುವುದು, ಒಂದೇ ವಚನ ಇಬ್ಬರು ಶರಣರ ಹೆಸರಿನಲ್ಲಿ ಕಂಡಾಗ ಅಂಕಿತವನ್ನು ಪರಿಶೀಲಿಸುವುದು, ಇವು ವರ್ಷಗಟ್ಟಲೆ ತಾಳ್ಮೆ ಬೇಡುವ ಕೆಲಸಗಳು. ಈ ಕೆಲಸಕ್ಕೆ ಯಾವ ಕಾಲೇಜಿನಲ್ಲಿಯೂ ತರಬೇತಿ ದೊರೆಯುತ್ತಿರಲಿಲ್ಲ. ಆದರೆ ಸಾಕ್ಷಿಗಳ ಹೇಳಿಕೆಗಳನ್ನು ಒಂದರೊಡನೊಂದು ತೂಗಿ ನೋಡುವುದು, ದಾಖಲೆಯಿಲ್ಲದ ಮಾತನ್ನು ಒಪ್ಪದಿರುವುದು ಕಾಯಿದೆಯ ಅಭ್ಯಾಸದಿಂದ ಬರುವ ಗುಣಗಳು. ಪಾಠಾಂತರಗಳನ್ನು ತೂಗುವ ಸಂಪಾದಕನಿಗೆ ಬೇಕಾದವೂ ಇವೇ. ಪಠ್ಯವಿಷಯ ಒಂದಾಗಿ ಅದರ ಪ್ರಯೋಜನ ಇನ್ನೊಂದಾಗುವುದು ವಿದ್ಯೆಯ ಸ್ವಭಾವವೇ ಆಗಿದೆ. ಕಲಿತ ವಿಷಯವನ್ನು ಪರೀಕ್ಷೆಯೊಡನೆ ಮುಗಿಸಿಬಿಡುವ ವಿದ್ಯಾರ್ಥಿಗೆ ಈ ಲಾಭ ದೊರೆಯದು.

1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗ ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂದಿತು. ಷಟ್‌ಸ್ಥಲಗಳ ಹಾಗೂ ಸಾಧನೆಯ ವಿಷಯಗಳ ಕ್ರಮದಲ್ಲಿ ವಚನಗಳನ್ನು ಜೋಡಿಸಿಕೊಟ್ಟ ಆ ಗ್ರಂಥದಿಂದ, ಇವು ಬಿಡಿಬಿಡಿಯಾದ ಹೇಳಿಕೆಗಳಲ್ಲ, ಒಂದು ಸುಸಂಬದ್ಧ ದರ್ಶನದ ಅಂಗಗಳೆಂಬುದು ಓದುಗರಿಗೆ ಮನವರಿಕೆಯಾಯಿತು. ಅಚ್ಚಿನ ಕೆಲಸಕ್ಕೆ ಪರರನ್ನು ನಂಬಿ ಕುಳಿತರೆ ಕಾರ್ಯ ಸಾಗದೆಂದು ಕಂಡುಕೊಂಡ ಅವರು ಇದ್ದ ಮನೆಯನ್ನು ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮುಂದಿನ ವರ್ಷ 'ಶಿವಾನುಭವ' ಪತ್ರಿಕೆಯನ್ನೂ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯನ್ನೂ ಆರಂಭಿಸಿದರು. 'ಶಿವಾನುಭವ'ವು ಮೂರು ದಶಕಗಳಿಗೂ ಹೆಚ್ಚು ಕಾಲ ನಡೆದು ಶರಣಸಾಹಿತ್ಯವನ್ನು ಕಂತುಕಂತಾಗಿ ನಾಡಿಗೆ ಉಣಬಡಿಸಿತು. ಮೊದಲು ಕೆಲವೇ ಶರಣರ ಹೆಸರುಗಳು ವಿದ್ವಾಂಸರಿಗೆ ಪರಿಚಿತವಾಗಿದ್ದಲ್ಲಿ, ಅವರ ಶೋಧದಿಂದ 200ಕ್ಕೂ ಹೆಚ್ಚು ವಚನಕಾರರು ಬೆಳಕಿಗೆ ಬಂದರು. ಯೌವನದಲ್ಲಿ ಮುಂಬಯಿಯ ಮುದ್ರಣಾಲಯಗಳು ಮರಾಠಿ ಸಂತರಿಗೆ ಮಾಡಿದ ಸೇವೆಯನ್ನು ಕಂಡಿದ್ದವರು ನಡುಹರೆಯದಲ್ಲಿ ಅದೇ ಸೇವೆಯನ್ನು ಶರಣರಿಗೆ ಸಲ್ಲಿಸಿದರು.

ಈ ಸೇವೆಗೆ ಅವರು ತೆತ್ತ ಬೆಲೆ ಸಣ್ಣದಲ್ಲ. ವಕೀಲಿಯ ಆದಾಯ ಕುಗ್ಗಿತು, ಸಾಲ ಬೆಳೆಯಿತು, ಬಾಡಿಗೆಯ ಮನೆಯಲ್ಲಿ ಸಂಸಾರ ಸಾಗಿತು. ಹರಿದ ಕೋಟು ತೊಟ್ಟು ಕೆಲಸಕ್ಕೆ ನಡೆಯುತ್ತಿದ್ದ ಅವರ ಚಿತ್ರ ವಿಜಾಪುರದ ಹಿರಿಯರ ನೆನಪಿನಲ್ಲಿ ಬಹುಕಾಲ ಉಳಿದಿತ್ತು. ಪತ್ನಿ ಭಾಗೀರಥಿಬಾಯಿಯವರು ಈ ಬಡತನವನ್ನು ಪತಿಯೊಡನೆ ಹಂಚಿಕೊಂಡರು. ಮಗನನ್ನು ದೂರದ ನಗರದಲ್ಲಿ ಓದಿಸಿ ವಕೀಲನನ್ನಾಗಿ ಮಾಡಿದ ಮನೆಯವರು ಸಾಮಾನ್ಯವಾಗಿ ಎದುರು ನೋಡುವುದು ಇಂಥ ಜೀವನವನ್ನಲ್ಲ. ಲೋಕದ ಲೆಕ್ಕದಲ್ಲಿ ಆ ವಿದ್ಯಾಭ್ಯಾಸ ನಷ್ಟದ ವ್ಯವಹಾರವೇ ಸರಿ. ಕಾಯಕವನ್ನೂ ದಾಸೋಹವನ್ನೂ ಬಲ್ಲವರ ಲೆಕ್ಕದಲ್ಲಿ ಅದರ ಲಾಭವನ್ನು ಉಂಡವರು ಯಾರೆಂಬುದು ಸ್ಪಷ್ಟವಾಗಿದೆ: ಇಂದು ವಚನವನ್ನು ಓದುವ, ಹಾಡುವ, ಕಲಿಸುವ ಪ್ರತಿಯೊಬ್ಬರೂ ಅದರಲ್ಲಿ ಪಾಲುಗಾರರು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಹಳಕಟ್ಟಿಯವರ ಸಾಧನೆಗೆ ಅವರ ವ್ಯಕ್ತಿತ್ವವೇ ಕಾರಣ, ಕಾಲೇಜಿನ ಪಾತ್ರವೇನು? ಅದೇ ತರಗತಿಗಳಲ್ಲಿ ಕುಳಿತು, ಅದೇ ಪರೀಕ್ಷೆಗಳನ್ನು ಮುಗಿಸಿ, ಅದೇ ನಗರದಲ್ಲಿ ಓಡಾಡಿದ ಎಷ್ಟೋ ಕನ್ನಡ ವಿದ್ಯಾರ್ಥಿಗಳು ಇದ್ದರು. ಅವರಲ್ಲಿ ಬಹುಮಂದಿ ನೌಕರಿ ಹಿಡಿದು ಸುಖವಾಗಿ ಬಾಳಿದರು. ಈ ಮಾತಿನಲ್ಲಿ ಸತ್ಯವಿದೆ. ಕಾಲೇಜು ತಾನಾಗಿ ಯಾರನ್ನೂ ದೊಡ್ಡವರನ್ನಾಗಿ ಮಾಡದು. ಆದರೆ ಹಳಕಟ್ಟಿಯವರು ಹೊರನಾಡನ್ನು ಕಾಣದೆ ಊರಿನಲ್ಲಿಯೇ ಉಳಿದಿದ್ದರೆ ಹೋಲಿಸಿ ನೋಡುವ ಕಣ್ಣು ಅವರಿಗೆ ಅಷ್ಟು ಬೇಗ ಬರುತ್ತಿತ್ತೆಂದು ಹೇಳಲಾಗದು. ದೀಪಕ್ಕೆ ಎಣ್ಣೆ ಬತ್ತಿಗಳು ಮನೆಯಿಂದ ಬಂದವು. ಕಿಡಿ ಹೊರಗಿನಿಂದ ಬಂದಿತು. ಎರಡರಲ್ಲಿ ಒಂದು ಇಲ್ಲದಿದ್ದರೂ ಬೆಳಕು ಮೂಡುತ್ತಿರಲಿಲ್ಲ.

ಇದೇ ಸಂಗತಿಯನ್ನು ಸ್ವಲ್ಪ ಬೇರೆಯ ರೀತಿಯಲ್ಲಿ ಪುಣೆಯ ಉದಾಹರಣೆಯೂ ಸ್ಥಿರಪಡಿಸುತ್ತದೆ. 1884ರಲ್ಲಿ ಟಿಳಕ, ಆಗರ್‌ಕರ್ ಮೊದಲಾದವರು ಕಟ್ಟಿದ ಡೆಕ್ಕನ್ ಎಜುಕೇಶನ್ ಸೊಸಾಯಿಟಿಯಲ್ಲಿ ಆಜೀವ ಸದಸ್ಯರೆಂಬ ಒಂದು ಪದ್ಧತಿಯಿತ್ತು. ಸುಶಿಕ್ಷಿತ ತರುಣರು ಅಲ್ಪ ವೇತನಕ್ಕೆ 20 ವರ್ಷಗಳ ಕಾಲ ಪಾಠ ಹೇಳುವುದಾಗಿ ವಚನಬದ್ಧರಾಗುತ್ತಿದ್ದರು; ಗೋಪಾಳ ಕೃಷ್ಣ ಗೋಖಲೆಯವರು ಹೀಗೆ ಸೇವೆ ಸಲ್ಲಿಸಿ 1902ರಲ್ಲಿ ಫರ್ಗ್ಯುಸನ್ ಕಾಲೇಜಿನಿಂದ ನಿವೃತ್ತರಾದರು. ಈ ಆದರ್ಶದ ಗಾಳಿ ಕನ್ನಡ ನಾಡಿಗೂ ಬೀಸಿತು. 1916ರ ನವೆಂಬರ 13ರಂದು ಬೆಳಗಾವಿಯಲ್ಲಿ ಒಂದು ಶಾಲೆಯೊಡನೆ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿ, ಅರ್ಥಾತ್ ಕೆ.ಎಲ್.ಇ. ಸಂಸ್ಥೆ, ಉದಯಿಸಿತು. ಅದನ್ನು ಕಟ್ಟಿದ ಏಳು ಮಂದಿಯನ್ನು ನಾಡು ಸಪ್ತರ್ಷಿಗಳೆಂದು ಕರೆಯಿತು. ಸರಕಾರಿ ನೌಕರಿ ಸುಲಭವಾಗಿ ದೊರೆಯುತ್ತಿದ್ದ ಕಾಲದಲ್ಲಿ ಅದನ್ನು ಬಿಟ್ಟು ಶಾಲೆಯ ಶಿಕ್ಷಕರಾದ ಪದವೀಧರರು ಅವರಲ್ಲಿದ್ದರು. ಆ ಏಳರಲ್ಲಿ ಇಬ್ಬರಾದ ಶಿ. ಶಿ. ಬಸವನಾಳ ಮತ್ತು ಎಂ. ಆರ್. ಸಾಖರೆಯವರು ಶರಣಸಾಹಿತ್ಯ ಹಾಗೂ ಲಿಂಗಾಯತ ಧರ್ಮದ ಅಧ್ಯಯನಕ್ಕೂ ಚಿರಸ್ಮರಣೀಯ ಸೇವೆ ಸಲ್ಲಿಸಿದರು. 1933ರಲ್ಲಿ ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಆರಂಭವಾದಾಗ ಸಿರಸಂಗಿಯ ದೇಸಾಯರ ದಾನಕ್ಕೂ ಈ ಶಿಕ್ಷಕರ ತ್ಯಾಗಕ್ಕೂ ಒಂದು ರೂಪ ಬಂದಿತು. ಮುಂಬಯಿಯಿಂದ ಗ್ರಂಥಪ್ರಕಟಣೆಯ ಆದರ್ಶ ಬಂದಂತೆ ಪುಣೆಯಿಂದ ವಿದ್ಯಾಸಂಸ್ಥೆಯನ್ನು ನಡೆಸುವ ಆದರ್ಶ ಬಂದಿತೆನ್ನಬಹುದು.

ಕಾಲೇಜಿನ ಆಯ್ಕೆಯನ್ನು ಅನ್ನದ ಪ್ರಶ್ನೆಯಿಂದ ಬೇರ್ಪಡಿಸಿ ನೋಡಲಾಗದೆಂಬುದಕ್ಕೆ ಮೈಸೂರು ಸೀಮೆಯ ಉದಾಹರಣೆಯೊಂದನ್ನು ನೆನೆಯಬಹುದು. 1907ರಲ್ಲಿ ವೀರಾಪುರದಲ್ಲಿ ಜನಿಸಿದ ಬಾಲಕ ಶಿವಣ್ಣನು ಪ್ರೌಢಶಾಲೆ ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಲು ಸಾಧ್ಯವಾದುದು ಗುಬ್ಬಿ ತೋಟದಪ್ಪನವರು ಏರ್ಪಡಿಸಿದ್ದ ಉಚಿತ ವಿದ್ಯಾರ್ಥಿನಿಲಯದ ಆಶ್ರಯದಿಂದ. ಕಾಲೇಜಿನಲ್ಲಿ ಓದುತ್ತಿರುವಾಗಲೇ, 1930ರಲ್ಲಿ, ಸಿದ್ಧಗಂಗಾ ಮಠದ ಉತ್ತರಾಧಿಕಾರ ಅವರ ಪಾಲಿಗೆ ಬಂದಿತು. ವಿರಕ್ತಾಶ್ರಮ ಸ್ವೀಕರಿಸಿದ ಮೇಲೂ ಅವರು ಓದನ್ನು ನಿಲ್ಲಿಸಲಿಲ್ಲ. ತೋಟದಪ್ಪನವರ ನಿಲಯದಲ್ಲಿ ಉಂಡ ವಿದ್ಯಾರ್ಥಿಯೇ ಮುಂದೆ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳಾಗಿ, 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ, ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನಿತ್ತರು. ತ್ರಿವಿಧ ದಾಸೋಹವೆಂದು ನಾಡು ಕೊಂಡಾಡಿದ ಆ ಮಹಾಕಾರ್ಯದಲ್ಲಿ ಒಬ್ಬ ವಿದ್ಯಾರ್ಥಿ ತಾನುಂಡ ಅನ್ನದ ಋಣವನ್ನು ತೀರಿಸಿದ ರೀತಿಯೂ ಅಡಗಿದೆ. ಕಲಿಕೆಯ ಸದುಪಯೋಗಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಕಾಲಚಕ್ರ ತಿರುಗಿತು. 1917ರಲ್ಲಿ ಧಾರವಾಡದಲ್ಲಿ ಕಾಲೇಜು ಬಂದ ಮೇಲೆ ಈ ಭಾಗದ ವಿದ್ಯಾರ್ಥಿಗಳಿಗೆ ಪದವಿಗಾಗಿ ಪರಭಾಷೆಯ ನಗರಕ್ಕೆ ಹೋಗಲೇಬೇಕೆಂಬ ನಿರ್ಬಂಧ ತಪ್ಪಿತು. ಆ ಕರ್ನಾಟಕ ಕಾಲೇಜಿನಲ್ಲಿ ಓದಿದ ದಾದಪ್ಪ ಚಿಂತಪ್ಪ ಪಾವಟೆಯವರು ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಎಂಬ ಗೌರವ ಪಡೆದು ಬಂದರು. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ 1954ರಿಂದ ಉಪಕುಲಪತಿಗಳಾಗಿ ಅದನ್ನು ಬೆಳೆಸಿದರು. ಅವರ ಅಧಿಕಾರಾವಧಿಯಲ್ಲಿಯೇ, 1956ರಲ್ಲಿ, ಆ ವಿಶ್ವವಿದ್ಯಾಲಯವು ಹಳಕಟ್ಟಿಯವರಿಗೆ ಗೌರವ ಡಿ.ಲಿಟ್. ಪದವಿಯನ್ನು ಅರ್ಪಿಸಿತು. ಮುಂಬಯಿ ವಿಶ್ವವಿದ್ಯಾಲಯವು 1901ರಲ್ಲಿ ಕೊಟ್ಟ ಪದವಿ ಅವರು ಓದಿದ ಪುಸ್ತಕಗಳಿಗಾಗಿ. ಧಾರವಾಡದಲ್ಲಿ ದೊರೆತ ಪದವಿ ಅವರು ಉಳಿಸಿಕೊಟ್ಟ ಪುಸ್ತಕಗಳಿಗಾಗಿ. ಎರಡರ ನಡುವಿನ 55 ವರ್ಷಗಳೇ ಅವರ ನಿಜವಾದ ವ್ಯಾಸಂಗಕಾಲ. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತ್ತು. 84 ವರ್ಷ ತುಂಬಲು ಇನ್ನು ಮೂರು ದಿನಗಳಿರುವಾಗ, 1964ರ ಜೂನ್ 29ರಂದು, ಅವರು ಲಿಂಗೈಕ್ಯರಾದರು. ಅವರು ಹಾಕಿದ ತಳಹದಿಯ ಮೇಲೆ ವಿಶ್ವವಿದ್ಯಾಲಯಗಳ ವಿದ್ವಾಂಸರು ಮುಂದಿನ ಸಂಪಾದನಕಾರ್ಯವನ್ನು ಕೈಕೊಂಡರು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಹೊರತಂದಿತು.

ಈ ಇತಿಹಾಸದಿಂದ ಇಂದಿನ ವಿದ್ಯಾರ್ಥಿಯೂ ಅವನ ಪೋಷಕರೂ ಕೆಲವು ಸಂಗತಿಗಳನ್ನು ಗ್ರಹಿಸಬಹುದು. ದೂರದ ಕಾಲೇಜಿಗೆ ಹೋಗುವುದು ತಪ್ಪಲ್ಲ; ಹಳಕಟ್ಟಿಯವರೂ ಹೋದರು. ಊರಿನ ಸಮೀಪದ ಕಾಲೇಜಿನಲ್ಲಿ ಓದುವುದು ಕೊರತೆಯೂ ಅಲ್ಲ. ಪಾವಟೆಯವರು ಮೊದಲು ಓದಿದುದು ಧಾರವಾಡದಲ್ಲಿಯೇ. ಕಾಲೇಜನ್ನು ಆರಿಸುವಾಗ ಅಲ್ಲಿ ಪಾಠ ಹೇಳುವವರು ಎಂಥವರು, ಒಡನೆ ಓದುವವರು ಎಂಥವರು, ಗ್ರಂಥಾಲಯ ಹೇಗಿದೆ, ಮನೆಯವರನ್ನು ಸಾಲಕ್ಕೆ ದೂಡದೆ ಊಟ ವಸತಿಗಳು ಸಾಗುವವೇ ಎಂಬುದನ್ನು ವಿಚಾರಿಸಬೇಕು. ಸೇರಿದ ಮೇಲೆ ಪಠ್ಯದ ಅಂಚಿನಲ್ಲಿ ನಿಲ್ಲದೆ, ಕಾಲೇಜು ಇರುವ ನಗರವನ್ನೂ ಒಂದು ಗ್ರಂಥದಂತೆ ಓದಬೇಕು. ಬೇರೆಯವರ ಒಳ್ಳೆಯದನ್ನು ಕಂಡು ಮತ್ಸರಪಡದೆ, ತನ್ನವರಲ್ಲಿ ಅದು ಏಕಿಲ್ಲವೆಂದು ಯೋಚಿಸಬೇಕು. ಹಿಂದಿರುಗಿ ನೆಲೆಸುವ ಊರು ಯಾವುದಾದರೂ ಆಗಲಿ, ಹೊರನಾಡಿನಲ್ಲಿಯೇ ಉಳಿದರೂ ಆಗಲಿ, ಪಡೆದುದರಲ್ಲಿ ಒಂದು ಪಾಲನ್ನಾದರೂ ಸಮಾಜಕ್ಕೆ ಸಲ್ಲಿಸುವ ಸಂಕಲ್ಪ ಓದಿನ ದಿನಗಳಲ್ಲಿಯೇ ಮೂಡಬೇಕು. ಉದ್ಯೋಗ ದೊರೆತ ಮೇಲೆ ನೋಡೋಣವೆಂದು ಮುಂದೂಡಿದ ಸಂಕಲ್ಪಗಳು ಈಡೇರುವುದು ಅಪರೂಪ.

ಹಳಕಟ್ಟಿಯವರ ಜನ್ಮದಿನವಾದ ಜುಲೈ 2 ಬರುವುದು ಹೊಸ ವಿದ್ಯಾರ್ಥಿಗಳು ಕಾಲೇಜುಗಳನ್ನು ಅರಸುವ ಕಾಲದಲ್ಲಿಯೇ. ಅಂದು ಅವರ ಭಾವಚಿತ್ರಕ್ಕೆ ಹೂಮಾಲೆ ಹಾಕುವ ಸಭೆಗಳು ನಡೆಯುತ್ತವೆ. ಕಾಲೇಜಿಗಾಗಿ ಧಾರವಾಡ ಬಿಟ್ಟು ಮುಂಬಯಿಗೆ ಹೋಗಬೇಕಾದ ಆ ಹುಡುಗನ ಹೆಸರನ್ನು ಹೊತ್ತ ಎಂಜಿನಿಯರಿಂಗ್ ಕಾಲೇಜೊಂದು ಅವರು ಸ್ಥಾಪನೆಗೆ ಮುಂದಾದ ಸಂಸ್ಥೆಯ ಆಶ್ರಯದಲ್ಲಿಯೇ ವಿಜಯಪುರದಲ್ಲಿ ನಡೆಯುತ್ತಿದೆ. ಅವರ ಸಮಗ್ರ ಸಾಹಿತ್ಯವನ್ನು ಕಾಪಾಡುವ ಸಂಶೋಧನ ಕೇಂದ್ರವೂ ಅಲ್ಲಿದೆ. ಅಲ್ಲಿಗೆ ಓದಲು ಬರುವ ತರುಣ ತರುಣಿಯರು ತಮ್ಮ ಕಾಲೇಜಿನ ಬಾಗಿಲಲ್ಲಿ ಬರೆದ ಆ ಹೆಸರು ಯಾರದು, ಆತ ಮನೆ ಮಾರಿದುದು ಏತಕ್ಕೆ ಎಂದು ಒಮ್ಮೆ ಕೇಳಿಕೊಂಡರೆ, ಮುಂದಿನ ಓದಿನ ದಿಕ್ಕು ಅವರಿಗೆ ತಾನಾಗಿಯೇ ತಿಳಿದೀತು.